ತಲುಪದ ಕಾಗದ: ಮನೆ ಬಿಟ್ಟ ಮಕ್ಕಳ ಕಥನ ಮತ್ತು ಮನಸ್ಸಿನ ಗಾಯ

ಊರಿನಲ್ಲಿ ನೆಲೆ ತಪ್ಪಿದ ಮಗುವಿಗೆ ಕಾವ್ಯ ಕಥೆಗಳಲ್ಲಿ ಎಂದೂ ನೆಲೆ ತಪ್ಪಿಲ್ಲ. ಹೊಳೆಯಲ್ಲಿ ತೇಲಿಬಿಟ್ಟ ಕರ್ಣನ ದುಃಖವನ್ನು ಪಂಪನೂ ಕುಮಾರವ್ಯಾಸನೂ ನಮ್ಮ ಮನೆಮಾತಾಗಿಸಿದ್ದಾರೆ. ಅಂದಿನಿಂದ ಇಂದಿನ ಚಲನಚಿತ್ರದವರೆಗೆ, ಮನೆ ಬಿಟ್ಟು ಹೋದ ಮತ್ತು ಮನೆಯವರೇ ಕೈಬಿಟ್ಟ ಮಕ್ಕಳ ಕಥೆಗಳು ಬರುತ್ತಲೇ ಇವೆ. ಆದುದರಿಂದ ಇಂಥ ಮಕ್ಕಳ ವಿಷಯವಾಗಿ ಬರೆದಿದ್ದಾರೆಯೇ ಎಂಬುದು ವಿಮರ್ಶೆಯ ಪ್ರಶ್ನೆಯಲ್ಲ. ಆ ಮಗುವಿನ ಮಾತಿಗೆ ಕಿವಿಗೊಟ್ಟು ಬರೆದಿದ್ದಾರೆಯೇ, ಇಲ್ಲವೇ ನಮ್ಮ ಕಣ್ಣೀರಿಗಾಗಿ ಬರೆದಿದ್ದಾರೆಯೇ ಎಂಬುದೇ ಪ್ರಶ್ನೆ. ಕರ್ಣನ ಪ್ರಸಂಗವನ್ನೇ ನೋಡಿರಿ. ಅವನ ಹುಟ್ಟಿನ ಕಥೆಯನ್ನು ಅವನಿಗೆ ತಿಳಿಸಿದವರು ಕೃಷ್ಣ ಮತ್ತು ಕುಂತಿ. ಇಬ್ಬರೂ ಯುದ್ಧದ ಹೊಸ್ತಿಲಲ್ಲಿ, ತಮ್ಮ ತಮ್ಮ ಕಾರ್ಯದ ನಿಮಿತ್ತ ಬಂದವರು. ಅದಕ್ಕೂ ಮೊದಲು ಅಷ್ಟು ವರ್ಷ ಅವನ ಒಳಗನ್ನು ಯಾರೂ ವಿಚಾರಿಸಿರಲಿಲ್ಲ. ನಮ್ಮ ಮಹಾಕವಿಗಳು ಈ ಸಂಗತಿಯನ್ನು ಮರೆಮಾಚಲಿಲ್ಲ ಎಂಬುದು ಅವರ ದೊಡ್ಡತನ.

ಈ ಸಮ್ಮೇಳನದ ಸಂಚಿಕೆಗೆ ಈ ವಿಷಯವನ್ನು ಆರಿಸಿಕೊಳ್ಳಲು ಒಂದು ಕಾರಣವಿದೆ. ನಮ್ಮ ಸೊಲ್ಲಾಪುರವು ಮುಂಬಯಿ–ಚೆನ್ನೈ ರೈಲು ಮಾರ್ಗದ ದೊಡ್ಡ ನಿಲ್ದಾಣ. ರಾಯಚೂರು, ವಾಡಿ, ಕಲಬುರಗಿಗಳಿಂದ ಮುಂಬಯಿಗೆ ಹೋಗುವ ಗಾಡಿಗಳು ನಮ್ಮೂರ ಮೇಲೆಯೇ ಹಾಯ್ದು ಹೋಗುತ್ತವೆ. ಗದಗ, ಬಾಗಲಕೋಟೆ, ವಿಜಯಪುರಗಳ ಹಳಿ ಹೋಟಗಿಯಲ್ಲಿ ಬಂದು ಇದೇ ಮಾರ್ಗವನ್ನು ಕೂಡುತ್ತದೆ. ಮನೆ ಬಿಟ್ಟ ಹುಡುಗನಿಗೆ ಮುಂಬಯಿ ದೊಡ್ಡ ಆಸೆ. ಟಿಕೇಟು ಇಲ್ಲದೆ ಹತ್ತಿದವನು ಮೊದಲು ಇಳಿಯುವುದು, ಅಥವಾ ಇಳಿಸಲ್ಪಡುವುದು, ಇಂಥ ನಿಲ್ದಾಣಗಳಲ್ಲಿ. ಆದಕಾರಣ ಈ ಕಥನಗಳು ನಮಗೆ ಪರದೇಶದ ವಾರ್ತೆಯಲ್ಲ. ನಮ್ಮ ಪ್ಲಾಟ್‌ಫಾರ್ಮಿನ ಮೇಲೆ ಕನ್ನಡ ಮಾತನಾಡುವ ಮಗುವೊಂದು ಇಂದು ರಾತ್ರಿಯೂ ಮಲಗಿರಬಹುದು.

ಕಣ್ಣೀರೊಂದೇ ಲಕ್ಷಣವಲ್ಲ

ಸಾಹಿತ್ಯಕ್ಕೆ ಬರುವ ಮುನ್ನ ವೈದ್ಯಶಾಸ್ತ್ರದ ಒಂದು ಮಾತನ್ನು ತಿಳಿದುಕೊಳ್ಳುವುದು ಅವಶ್ಯ. ಭಯಂಕರವಾದ ಅನುಭವಕ್ಕೆ ಸಿಕ್ಕಿದ ಮನಸ್ಸು ಆ ಘಟನೆ ಮುಗಿದ ಮೇಲೂ ಅದರಿಂದ ಬಿಡುಗಡೆ ಹೊಂದದೆ ಉಳಿಯುವುದುಂಟು. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ತನ್ನ ರೋಗನಿರ್ಣಯ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಈ ಸ್ಥಿತಿಗೆ ಒಂದು ಹೆಸರು ಕೊಟ್ಟಿತು. ಕನ್ನಡದಲ್ಲಿ ಅದನ್ನು ಆಘಾತೋತ್ತರ ಒತ್ತಡದ ಕಾಯಿಲೆ ಎನ್ನುತ್ತೇವೆ. ವಿಯಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಅವಸ್ಥೆಯು ಆ ನಾಮಕರಣದ ಹಿಂದಿನ ಮುಖ್ಯ ಪ್ರೇರಣೆಗಳಲ್ಲೊಂದು. ಬೇಡವೆಂದರೂ ನುಗ್ಗಿಬರುವ ನೆನಪು ಮತ್ತು ಕೆಟ್ಟ ಕನಸು. ಆ ಜಾಗ, ಆ ಮಾತು, ಆ ವ್ಯಕ್ತಿಯಿಂದ ದೂರ ಸರಿಯುವುದು. ತನ್ನ ಬಗ್ಗೆಯೂ ಲೋಕದ ಬಗ್ಗೆಯೂ ನಂಬಿಕೆ ಕಳೆದುಕೊಳ್ಳುವುದು. ಸಣ್ಣ ಸಪ್ಪಳಕ್ಕೂ ಬೆಚ್ಚುವುದು, ನಿದ್ದೆ ಬಾರದಿರುವುದು, ಸಿಡುಕುವುದು. ಇವು ಅದರ ಲಕ್ಷಣಗಳು.

ಬೀದಿಯ ಮಗುವಿನ ವಿಷಯದಲ್ಲಿ ಈ ಹೆಸರಿನಲ್ಲಿಯೇ ಒಂದು ತೊಡಕಿದೆ. ಸೈನಿಕನ ಯುದ್ಧ ಒಂದು ದಿನ ಮುಗಿಯುತ್ತದೆ, ಅವನು ಮನೆಗೆ ಬರುತ್ತಾನೆ. ಮನೆಯಲ್ಲಿ ಹೊಡೆತ ತಿಂದು ಓಡಿಹೋದ ಹುಡುಗನಿಗೆ ಬೀದಿಯಲ್ಲಿ ಪೋಲೀಸರ ಲಾಠಿ, ದೊಡ್ಡ ಹುಡುಗರ ಸುಲಿಗೆ, ರಾತ್ರಿಯ ಅತ್ಯಾಚಾರದ ಭಯ ಮುಂದುವರಿದೇ ಇರುತ್ತದೆ. ಆಘಾತವೇ ಮುಗಿದಿಲ್ಲ, ಇನ್ನು ಆಘಾತೋತ್ತರ ಎಲ್ಲಿಂದ ಬರಬೇಕು? ಕನ್ನಡದಲ್ಲಿ ಉತ್ತರ ಎಂದರೆ ನಂತರದ್ದು ಎಂಬ ಅರ್ಥವೂ ಇದೆ, ಜವಾಬು ಎಂಬ ಅರ್ಥವೂ ಇದೆ. ಈ ಮಕ್ಕಳಿಗೆ ಎರಡೂ ಅರ್ಥದ ಉತ್ತರ ದೊರೆತಿಲ್ಲ. ನಾವು ಯಾವುದನ್ನು ತುಂಟತನ, ಮೊಂಡತನ, ಕಳ್ಳಬುದ್ಧಿ ಎಂದು ಕರೆಯುತ್ತೇವೆಯೋ ಅದರಲ್ಲಿ ಬಹುಭಾಗವು ಈ ಅಪಾಯದ ನಡುವೆ ಬದುಕಲು ಕಲಿತ ಉಪಾಯವಾಗಿರುತ್ತದೆ. ಪಂಕ್ಚರ್ ಅಂಗಡಿಯ ಸೊಲ್ಯೂಷನ್ ಮೂಸುವುದು ಹಸಿವನ್ನೂ ಭಯವನ್ನೂ ಒಂದು ತಾಸು ದೂರವಿಡುವ ಉಪಾಯ. ಅದು ದೇಹವನ್ನು ತಿನ್ನುತ್ತದೆಂಬುದು ನಿಜ; ಆದರೆ ಅದನ್ನು ಕೇವಲ ಚಟವೆಂದು ಬೈದರೆ ಕಾರಣ ಕೈಗೆ ಸಿಗುವುದಿಲ್ಲ.

ನಮ್ಮ ಕಾವ್ಯಮೀಮಾಂಸೆಯು ಈ ವಿಷಯದಲ್ಲಿ ನಮಗೆ ಒಳ್ಳೆಯ ಅಳತೆಗೋಲನ್ನು ಕೊಟ್ಟಿದೆ. ಭರತಮುನಿಯು ಸಾತ್ತ್ವಿಕಭಾವಗಳು ಎಂಟೆಂದು ಹೇಳಿದ್ದಾನೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಅಂದರೆ ಮರಗಟ್ಟಿ ನಿಲ್ಲುವುದು, ಬೆವರುವುದು, ಮೈ ನವಿರೇಳುವುದು, ದನಿ ಒಡೆಯುವುದು, ನಡುಗುವುದು, ಮುಖ ಬಿಳಿಚುವುದು, ಕಣ್ಣೀರು, ಮೂರ್ಛೆ. ಆಘಾತಕ್ಕೊಳಗಾದ ಮಗುವನ್ನು ಬಲ್ಲವರು ಈ ಪಟ್ಟಿಯನ್ನು ನೋಡಿದರೆ ಇದರ ಸತ್ಯಕ್ಕೆ ತಲೆದೂಗುತ್ತಾರೆ. ಅಂಥ ಮಗುವಿನಲ್ಲಿ ಹೆಚ್ಚಾಗಿ ಕಾಣುವುದು ಸ್ತಂಭ ಮತ್ತು ಸ್ವರಭಂಗ. ಅಳು ಬರುವುದು ಬಹಳ ತಡವಾಗಿ, ನಂಬಿಕೆ ಹುಟ್ಟಿದ ಮೇಲೆ. ಆದರೆ ನಮ್ಮ ಜನಪ್ರಿಯ ಕಥೆಗಳೂ ಚಿತ್ರಗಳೂ ಈ ಎಂಟರಲ್ಲಿ ಅಶ್ರುವೊಂದನ್ನೇ ಆರಿಸಿಕೊಂಡು ಉಳಿದ ಏಳನ್ನು ಬಿಟ್ಟುಬಿಟ್ಟಿವೆ. ಅಳುವ ಅನಾಥನನ್ನು ಕಂಡು ನಾವೂ ಅಳುತ್ತೇವೆ, ಹಗುರಾಗಿ ಮನೆಗೆ ಹೋಗುತ್ತೇವೆ. ಮರುದಿನ ಅಳದೆ ನಿಂತ, ಕಣ್ಣು ತಪ್ಪಿಸುವ ಹುಡುಗನನ್ನು ಕಂಡಾಗ ಅವನೂ ಅನಾಥನೆಂದು ನಮಗೆ ಹೊಳೆಯುವುದೇ ಇಲ್ಲ. ಕನಿಕರವು ಕರುಣರಸದ ಜಾಗವನ್ನು ಆಕ್ರಮಿಸಿದಾಗ ಆಗುವ ಅನರ್ಥವಿದು.

ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇಂಥ ಗಾಯ ಮಾಯುವ ದಾರಿಯನ್ನು ಮೂರು ಹಂತಗಳಲ್ಲಿ ವಿವರಿಸಿದ್ದಾರೆ. ಮೊದಲನೆಯದು ಸುರಕ್ಷಿತವಾದ ನೆಲೆ. ಎರಡನೆಯದು ನಡೆದುದನ್ನು ನೆನೆದು, ಹೇಳಿಕೊಂಡು, ಕಳೆದುಕೊಂಡದ್ದಕ್ಕೆ ದುಃಖಿಸುವುದು. ಮೂರನೆಯದು ಮತ್ತೆ ಜನರೊಡನೆ ಬಾಳಿನ ಬಳ್ಳಿಯನ್ನು ಕೂಡಿಸಿಕೊಳ್ಳುವುದು. ಈ ಮೂರನ್ನು ಮುಂದಿಟ್ಟುಕೊಂಡು ಮೂರು ಕೃತಿಗಳನ್ನು ಪರಿಶೀಲಿಸುವುದು ನನ್ನ ಉದ್ದೇಶ. ಅದಕ್ಕೆ ಮುಂಚೆ ಒಬ್ಬ ಲೇಖಕನ ಮಾತು.

ಬರೆದವನೂ ಹೇಳಿಕೊಳ್ಳಲಿಲ್ಲ

ಅನಾಥ ಬಾಲಕರ ಕಥೆಗಾರನೆಂದರೆ ಚಾರ್ಲ್ಸ್ ಡಿಕನ್ಸ್‌ನ ಹೆಸರು ಮೊದಲು ಬರುತ್ತದೆ. ಅವನ 'ಆಲಿವರ್ ಟ್ವಿಸ್ಟ್' 1837ರಿಂದ 1839ರವರೆಗೆ ಕಂತುಕಂತಾಗಿ ಹೊರಬಂದಿತು. 1824ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಡಿಕನ್ಸ್ ಲಂಡನ್ನಿನ ಬೂಟು ಪಾಲಿಶಿನ ಕಾರಖಾನೆಯೊಂದರಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ. ತಂದೆ ಸಾಲಕ್ಕಾಗಿ ಸೆರೆಮನೆಯಲ್ಲಿದ್ದರು. ಕುಟುಂಬ ಅವರೊಡನೆ ಅಲ್ಲಿಯೇ ವಾಸವಾಗಿತ್ತು. ಹುಡುಗ ಹೊರಗೆ ಪರರ ಮನೆಯಲ್ಲಿ ಒಂಟಿಯಾಗಿ ಉಳಿದ. ಮುಂದೆ ಕೀರ್ತಿಯ ಶಿಖರವೇರಿದ ಮೇಲೂ ಅವನು ಈ ಸಂಗತಿಯನ್ನು ಲೋಕದಿಂದ ಮರೆಮಾಡಿದ. ಆಪ್ತಮಿತ್ರ ಜಾನ್ ಫಾರ್ಸ್ಟರ್‌ನಿಗೆ ಮಾತ್ರ ಬರೆದು ತಿಳಿಸಿದ. ಡಿಕನ್ಸ್ ತೀರಿದ ನಂತರ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದಲೇ ಓದುಗರಿಗೆ ಇದು ಗೊತ್ತಾಯಿತು. ಆ ಕಾರಖಾನೆಯಿದ್ದ ಹಳೆಯ ಮಾರುಕಟ್ಟೆಯನ್ನು ಕೆಡವಿಹಾಕುವವರೆಗೂ ಆ ಕಡೆ ಕಾಲಿಡುವ ಧೈರ್ಯ ತನಗಾಗಲಿಲ್ಲವೆಂದು ಅವನೇ ಬರೆದಿದ್ದಾನೆ.

ಇಂದಿನ ವೈದ್ಯರು ಲಕ್ಷಣವೆಂದು ಗುರುತಿಸುವ ದೂರ ಸರಿಯುವಿಕೆ ಇದೇ ಅಲ್ಲವೇ? ಡಿಕನ್ಸ್‌ನಿಗೆ ಊಟವಿತ್ತು, ಕೂಲಿಯಿತ್ತು, ಯಾರೂ ಅವನನ್ನು ಹೊಡೆದು ಕೊಂದಿರಲಿಲ್ಲ. ಆದರೂ ಕೆಲವು ತಿಂಗಳ ಆ ಅನಾಥತೆ ಜೀವನಪರ್ಯಂತ ಅವನ ನಾಲಗೆಯನ್ನು ಕಟ್ಟಿತು. ಭಾಷೆಯ ಮೇಲೆ ಅಷ್ಟು ಪ್ರಭುತ್ವವಿದ್ದವನಿಗೇ ಹೀಗಾದರೆ, ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ಹುಡುಗನು ಅಧಿಕಾರಿಯ ಮೇಜಿನ ಮುಂದೆ ನಿಂತು ತನ್ನ ಕಥೆಯನ್ನು ಸರಾಗವಾಗಿ ಹೇಳಬೇಕೆಂದು ನಾವು ನಿರೀಕ್ಷಿಸುವುದು ಎಷ್ಟು ನ್ಯಾಯ? 'ಆಲಿವರ್ ಟ್ವಿಸ್ಟ್' ಕಾದಂಬರಿಯ ದೋಷವೂ ಇಲ್ಲಿಂದಲೇ ಹುಟ್ಟಿದೆಯೆಂದು ನನಗೆ ತೋರುತ್ತದೆ. ಅನಾಥಾಲಯ, ಕಳ್ಳರ ಕೂಟ ಎಲ್ಲವನ್ನೂ ದಾಟಿಬಂದ ಆಲಿವರನ ಮಾತು ನಡತೆಗಳ ಮೇಲೆ ಒಂದು ಗೀರೂ ಬಿದ್ದಿಲ್ಲ. ಗಾಯದ ಗುರುತೆಲ್ಲ ಅವನ ಸಂಗಾತಿಯಾದ ಜೇಬುಗಳ್ಳ ಡಾಡ್ಜರನ ಪಾಲಿಗೆ ಬಂದಿದೆ. ಒಬ್ಬನಿಗೆ ಕೊನೆಗೆ ಮನೆ ಸಿಕ್ಕುತ್ತದೆ, ಇನ್ನೊಬ್ಬನಿಗೆ ಗಡೀಪಾರು. ಗಾಯವಿಲ್ಲದವನಿಗೆ ಮಾತ್ರ ಮರುಕ ಎಂಬ ಈ ಕಟ್ಟಳೆ ಇಂದಿಗೂ ನಮ್ಮ ಸಮಾಜದಲ್ಲಿ ನಡೆದಿದೆ.

ಐದುನೂರು ರೂಪಾಯಿಯ ಮನೆ

ಮೀರಾ ನಾಯರ್ ನಿರ್ದೇಶಿಸಿ, ಸೂನಿ ತಾರಾಪೋರವಾಲಾ ಚಿತ್ರಕಥೆ ಬರೆದ ಹಿಂದಿ ಚಿತ್ರ 'ಸಲಾಮ್ ಬಾಂಬೆ' 1988ರಲ್ಲಿ ತೆರೆಗೆ ಬಂದಿತು. ಕಾನ್ ಚಿತ್ರೋತ್ಸವದಲ್ಲಿ ಮೊದಲ ಚಿತ್ರಕ್ಕೆ ಸಲ್ಲುವ ಪುರಸ್ಕಾರವನ್ನು ಪಡೆಯಿತು. ಆಸ್ಕರ್ ಸ್ಪರ್ಧೆಯ ಅಂತಿಮ ಪಟ್ಟಿಗೂ ಸೇರಿತು. ಇದರ ಬಾಲಪಾತ್ರಗಳಲ್ಲಿ ಹೆಚ್ಚಿನವನ್ನು ಮುಂಬಯಿಯ ಬೀದಿಯ ಮಕ್ಕಳೇ ವಹಿಸಿದ್ದಾರೆ.

ಕಥಾನಾಯಕ ಕೃಷ್ಣನಿಗೆ ಅಣ್ಣನ ಕಾಟ. ಸಿಟ್ಟಿನಲ್ಲಿ ಅಣ್ಣನ ಮೋಟಾರ್ ಸೈಕಲ್ಲಿಗೆ ಬೆಂಕಿ ಇಟ್ಟ. ತಾಯಿ ಅವನನ್ನು ಸರ್ಕಸ್ ಕಂಪನಿಯಲ್ಲಿ ಬಿಟ್ಟು, ನಷ್ಟದ ಐದುನೂರು ರೂಪಾಯಿ ಗಳಿಸಿದ ಮೇಲೆಯೇ ಮನೆಗೆ ಬಾ ಎಂದಳು. ಒಂದು ದಿನ ಕೆಲಸಕ್ಕೆ ಹೋಗಿ ಬರುವಷ್ಟರಲ್ಲಿ ಸರ್ಕಸ್ ಡೇರೆ ಕಿತ್ತು ಹೊರಟುಹೋಗಿತ್ತು. ಹುಡುಗ ಮುಂಬಯಿಗೆ ಬಂದು ವೇಶ್ಯಾವಾಟಿಕೆಯ ಓಣಿಗಳಲ್ಲಿ ಚಹ ಹಂಚುವವನಾದ. ಅಲ್ಲಿ ಅವನ ಹೆಸರು ಚಾಯ್‌ಪಾವ್. ಗಾಂಜಾ ಅಫೀಮುಗಳ ವ್ಯಾಪಾರಿ ಬಾಬಾ, ಅವನ ಕೈಕೆಳಗಿನ ವ್ಯಸನಿ ಚಿಲ್ಲಮ್, ವೇಶ್ಯೆ ರೇಖಾ, ಅವಳ ಪುಟ್ಟ ಮಗಳು ಮಂಜು, ಮಾರಾಟವಾಗಿ ಬಂದ ನೇಪಾಳದ ಹುಡುಗಿ 'ಸೋಲಾ ಸಾಲ್', ಇವರು ಅವನ ಲೋಕ.

ಈ ಚಿತ್ರದಲ್ಲಿ ಹೆಸರುಗಳನ್ನು ಗಮನಿಸಬೇಕು. ಒಬ್ಬನ ಹೆಸರು ಅವನು ಮಾರುವ ತಿಂಡಿಯಿಂದ, ಒಬ್ಬನದು ಅವನು ಸೇದುವ ಕೊಳವೆಯಿಂದ, ಹುಡುಗಿಯದು ಅವಳ ವಯಸ್ಸಿನಿಂದ. ಚಿಲ್ಲಮ್ ಸತ್ತ ಮೇಲೆ ಬಾಬಾ ಬೇರೊಬ್ಬ ಹುಡುಗನನ್ನು ತಂದು ಅವನಿಗೂ ಚಿಲ್ಲಮ್ ಎಂದೇ ಹೆಸರಿಡುತ್ತಾನೆ. ಮನುಷ್ಯ ಹೋದರೂ ಹುದ್ದೆ ಖಾಲಿ ಉಳಿಯುವುದಿಲ್ಲ. ತಾನು ತಾನೇ ಎಂಬ ಭಾವನೆಯನ್ನು ಬೀದಿಯು ಹೇಗೆ ಕಿತ್ತುಕೊಳ್ಳುತ್ತದೆ ಎಂಬುದನ್ನು ಯಾವ ಭಾಷಣವೂ ಇಲ್ಲದೆ ಚಿತ್ರವು ತಿಳಿಸುತ್ತದೆ.

ಇನ್ನೊಂದು ಸೂಕ್ಷ್ಮವು ಬೆಂಕಿಯದು. ಮನೆಯಲ್ಲಿ ಬೆಂಕಿ ಇಟ್ಟು ಹೊರಬಿದ್ದ ಹುಡುಗನು ಮುಂಬಯಿಯಲ್ಲಿ ಸೋಲಾ ಸಾಲಳನ್ನು ಬಿಡಿಸಲು ಅವಳ ಕೋಣೆಗೂ ಬೆಂಕಿ ಇಡುತ್ತಾನೆ, ಸಿಕ್ಕಿಬೀಳುತ್ತಾನೆ. ತನ್ನ ಪಾಡನ್ನು ಮಾತಿನಲ್ಲಿ ಹೇಳಲಾರದವನು ಅದನ್ನೇ ಮತ್ತೆ ಮಾಡಿ ತೋರಿಸುತ್ತಾನೆ. ಗಾಯಗೊಂಡ ಮಕ್ಕಳು ನಡೆದುದನ್ನು ಆಟದಲ್ಲಿಯೂ ಕೃತ್ಯದಲ್ಲಿಯೂ ಪುನಃ ಪುನಃ ಆಡುವರೆಂದು ಮನೋವೈದ್ಯರು ಹೇಳುವುದು ಇದನ್ನೇ. ನಿರ್ದೇಶಕಿ ಇದನ್ನು ಎಲ್ಲಿಯೂ ವಿವರಿಸಿಲ್ಲ, ಘಟನೆಯಾಗಿ ಕಾಣಿಸಿದ್ದಾರೆ. ಕಲೆಯ ಔಚಿತ್ಯ ಇರುವುದು ಇಲ್ಲಿಯೇ.

ಚಿತ್ರದ ಜೀವವಿರುವುದು ಒಂದು ಸಣ್ಣ ಪ್ರಸಂಗದಲ್ಲಿ. ಕೃಷ್ಣ ಬೀದಿಯಲ್ಲಿ ಕೂತ ಪತ್ರಲೇಖಕನಿಗೆ ದುಡ್ಡು ಕೊಟ್ಟು ತಾಯಿಗೆ ಕಾಗದ ಬರೆಸುತ್ತಾನೆ. ಮುಂದೆ ಪ್ರಸಿದ್ಧರಾದ ಇರ್ಫಾನ್ ಖಾನ್ ಈ ಪತ್ರಲೇಖಕನ ಚಿಕ್ಕ ಪಾತ್ರದಲ್ಲಿ ಮೊದಲ ಬಾರಿಗೆ ಚಿತ್ರರಂಗದಲ್ಲಿ ಕಾಣಿಸಿಕೊಂಡರು. ಹುಡುಗನ ಮನಸ್ಸು ತೆರೆಯುವಷ್ಟರಲ್ಲಿ, ಕೊಟ್ಟ ದುಡ್ಡಿಗೆ ಇಷ್ಟೇ ಸಾಲು ಎಂದು ಲೇಖಕ ನಿಲ್ಲಿಸುತ್ತಾನೆ. ವಿಳಾಸವೂ ಹುಡುಗನಿಗೆ ಸರಿಯಾಗಿ ತಿಳಿಯದು. ಆ ಕಾಗದ ತಾಯಿಯನ್ನು ತಲುಪುವುದಿಲ್ಲ. ಇಡೀ ಚಿತ್ರದಲ್ಲಿ ಹುಡುಗನು ತನ್ನ ಒಳಗನ್ನು ಮಾತಿಗೆ ತಂದ ಕ್ಷಣವಿದು. ಕೇಳಿದವನು ಸಾಲಿನ ಲೆಕ್ಕಕ್ಕೆ ಕೇಳಿದ. ಹರ್ಮನ್ ಹೇಳುವ ಎರಡನೆಯ ಹಂತಕ್ಕೆ, ಅಂದರೆ ಹೇಳಿಕೊಳ್ಳುವುದಕ್ಕೆ, ಹುಡುಗ ಹಾತೊರೆಯುತ್ತಾನೆ. ಆದರೆ ಮೊದಲನೆಯ ಹಂತವಾದ ನೆಲೆಯೇ ಅವನಿಗಿಲ್ಲ. ಕೂಡಿಟ್ಟ ದುಡ್ಡನ್ನು ಚಿಲ್ಲಮ್ ನಶೆಗಾಗಿ ಕದಿಯುತ್ತಾನೆ. ಒಂದು ರಾತ್ರಿ ಪೋಲೀಸರು ಹುಡುಗನನ್ನೂ ಮಂಜುವನ್ನೂ ಹಿಡಿದು ಬಾಲಗೃಹಕ್ಕೆ ಹಾಕುತ್ತಾರೆ. ಕಾಯಬೇಕಾದ ಗೃಹವೇ ಅವನು ತಪ್ಪಿಸಿಕೊಂಡು ಓಡಬೇಕಾದ ಇನ್ನೊಂದು ಜಾಗವಾಗುತ್ತದೆ.

ಚಿತ್ರಕ್ಕೆ ದೋಷಗಳಿಲ್ಲವೆಂದಲ್ಲ. ಕೊನೆಯಲ್ಲಿ ಕೃಷ್ಣನು ಬಾಬಾನನ್ನು ಚೂರಿಯಿಂದ ಇರಿಯುವ ಪ್ರಸಂಗವು ಮಾಮೂಲಿ ಹಿಂದಿ ಚಿತ್ರದ ಕಡೆಗೆ ವಾಲಿದೆ. ದುಷ್ಟನೊಬ್ಬನು ಸತ್ತರೆ ಕಥೆಗೆ ಮುಕ್ತಾಯ ದೊರೆತೀತು. ಹನ್ನೊಂದು ಹನ್ನೆರಡರ ಹುಡುಗನಿಗೆ ಕೈಯಾರೆ ಮಾಡಿದ ಕೊಲೆಯು ಇನ್ನೊಂದು ಆಘಾತ. ಆದರೆ ಅದರ ನಂತರ ಗಣೇಶನ ಮೆರವಣಿಗೆಯ ಜನಸಾಗರದಲ್ಲಿ ರೇಖಾಳ ಕೈ ತಪ್ಪಿ, ಒಂಟಿಯಾಗಿ ಕುಳಿತ ಹುಡುಗನ ಮುಖದ ಮೇಲೆ ಚಿತ್ರವು ಮುಗಿಯುತ್ತದೆ. ಊರೆಲ್ಲ ದೇವರನ್ನು ಕಳಿಸಿಕೊಡುವ ಸಂಭ್ರಮದಲ್ಲಿದೆ. ಈ ಹುಡುಗನನ್ನು ಬರಮಾಡಿಕೊಳ್ಳುವವರು ಯಾರೂ ಇಲ್ಲ. ನಮಗೆ ಸಮಾಧಾನ ಕೊಡಲು ಒಪ್ಪದ ಈ ಮುಕ್ತಾಯವು ಚೂರಿಯ ಪ್ರಸಂಗದ ಕೊರತೆಯನ್ನು ಬಹುಮಟ್ಟಿಗೆ ತುಂಬಿದೆ.

ಕೃಷ್ಣನ ಪಾತ್ರ ಮಾಡಿ ರಾಷ್ಟ್ರಪ್ರಶಸ್ತಿ ಪಡೆದ ಶಫೀಕ್ ಸಯ್ಯದ್ ಬೆಂಗಳೂರಿನಿಂದ ಮುಂಬಯಿಗೆ ಓಡಿಹೋಗಿದ್ದ ಹುಡುಗ. ಮುಂದೆ ಬೆಂಗಳೂರಿನಲ್ಲಿ ಆಟೋ ಓಡಿಸಿ ಸಂಸಾರ ನಡೆಸಿದರು. ಚಪ್ಪಾಳೆಯೂ ಒಂದು ನೆಲೆಯಲ್ಲವೆಂಬುದಕ್ಕೆ ಅವರ ಬಾಳು ಸಾಕ್ಷಿ. ಆದರೆ ಚಿತ್ರ ಮಾಡಿದವರು ಕೈತೊಳೆದುಕೊಳ್ಳಲಿಲ್ಲ ಎಂಬುದನ್ನೂ ಹೇಳಬೇಕು. ಬೀದಿಯ ಮಕ್ಕಳಿಗಾಗಿ ಈ ಚಿತ್ರದಿಂದಲೇ ಹುಟ್ಟಿದ ಸಲಾಮ್ ಬಾಲಕ್ ಟ್ರಸ್ಟ್ ಇಂದಿಗೂ ಕೆಲಸ ಮಾಡುತ್ತಿದೆ.

ಪದಕವು ಮದ್ದಾಗುವುದೇ?

ಇದಾದ ಐದು ವರ್ಷಕ್ಕೆ, 1993ರಲ್ಲಿ, ಟಿ. ಎಸ್. ನಾಗಾಭರಣರ 'ಚಿನ್ನಾರಿ ಮುತ್ತ' ಬಂದಿತು. ಹಳ್ಳಿಯಿಂದ ಬೆಂಗಳೂರಿಗೆ ಬಂದು ಬೀದಿಯ ಹುಡುಗರ ಜೊತೆಗೂಡಿದ ಮುತ್ತನು ತನ್ನ ಓಟದ ಬಲದಿಂದ ಮೇಲೆ ಬರುವ ಕಥೆಯಿದು. ವಿಜಯ ರಾಘವೇಂದ್ರರ ಅಭಿನಯ, ಎಚ್. ಎಸ್. ವೆಂಕಟೇಶಮೂರ್ತಿಯವರ ಹಾಡುಗಳು, ಸಿ. ಅಶ್ವತ್ಥರ ಸಂಗೀತ ಇವುಗಳಿಂದ ಈ ಚಿತ್ರವು ಗಡಿಯಾಚೆಯ ನಮ್ಮ ಮನೆಗಳಲ್ಲಿಯೂ ಪ್ರೀತಿಯ ವಸ್ತುವಾಗಿದೆ. ಶಾಲೆಯ ಗ್ಯಾದರಿಂಗುಗಳಲ್ಲಿ ಇದರ ಹಾಡುಗಳಿಗೆ ಮಕ್ಕಳು ಕುಣಿಯುವುದನ್ನು ನಾನು ವರ್ಷವರ್ಷವೂ ಕಂಡಿದ್ದೇನೆ. ಹುಡುಗನ ಚೈತನ್ಯದಲ್ಲಿ ಈ ಚಿತ್ರಕ್ಕಿರುವ ನಂಬಿಕೆ ಬೆಲೆಯುಳ್ಳದ್ದು. ಬೀದಿಯ ಮಗು ಬರಿಯ ಗಾಯವಲ್ಲ, ಅದಕ್ಕೆ ಕಾಲಿದೆ, ನಗೆಯಿದೆ, ಗೆಳೆಯರಿದ್ದಾರೆ ಎಂಬುದನ್ನು ಮರೆತರೆ ಅದೂ ಅನ್ಯಾಯವೇ.

ಆದರೆ ಚಿತ್ರವು ಮೊದಲ ಎರಡು ಹಂತಗಳ ಮೇಲೆ ಹಗುರಾಗಿ ಓಡಿ ಮೂರನೆಯದಕ್ಕೆ ಜಿಗಿದುಬಿಟ್ಟಿದೆ. ಗೆಲುವೇ ಗಾಯಕ್ಕೆ ಮದ್ದು ಎಂಬಂತೆ ಕಥೆ ಸಾಗುತ್ತದೆ. ಓಡುವ ಶಕ್ತಿಯಿರುವ ಮುತ್ತನಿಗೆ ತರಬೇತುಗಾರ ಸಿಕ್ಕ. ಓಡಲಾರದ, ಹಾಡಲಾರದ, ಲೆಕ್ಕದಲ್ಲಿ ಚುರುಕಿಲ್ಲದ ಅವನ ಜೊತೆಗಾರನ ಗತಿಯೇನು? ಪ್ರತಿಭೆಯಿದ್ದರೆ ಮಾತ್ರ ಆಶ್ರಯ ಎಂಬುದು ಡಿಕನ್ಸ್‌ನ ನಿರ್ಮಲ ಆಲಿವರನ ಕಟ್ಟಳೆಯದೇ ಇನ್ನೊಂದು ರೂಪ. ಮಕ್ಕಳ ಚಿತ್ರಕ್ಕೆ ಭರವಸೆ ಬೇಕು, ಒಪ್ಪುತ್ತೇನೆ. ಸಾಮಾನ್ಯ ಮಗುವಿಗೂ ಅದು ಸಲ್ಲುವಂಥದಾಗಿರಬೇಕು ಎಂಬುದಷ್ಟೇ ನನ್ನ ಆಕ್ಷೇಪ.

ಎಣಿಸದೆ ತೆಗೆದುಕೊಂಡ ಹಣ

ಮೂರನೆಯ ಕೃತಿಯು ಒಬ್ಬ ಶಿಕ್ಷಕನದು. ರಷ್ಯದ ಕ್ರಾಂತಿ, ಅಂತರ್ಯುದ್ಧಗಳಲ್ಲಿ ಲಕ್ಷಾಂತರ ಮಕ್ಕಳು ಬೀದಿಪಾಲಾದರು. 1920ರಲ್ಲಿ ಉಕ್ರೇನಿನ ಪೋಲ್ತಾವಾ ಬಳಿ ಅಂಥ ತರುಣರ ವಸತಿಯೊಂದು ಆಂತೋನ್ ಮಕಾರೆಂಕೋ ಅವರ ಕೈಗೆ ಬಂದಿತು. ಆ ಅನುಭವವನ್ನು ಅವರು 'ಶಿಕ್ಷಣದ ಮಹಾಕಾವ್ಯ' ಎಂಬರ್ಥದ ಹೆಸರಿನ ಕಾದಂಬರಿಯಾಗಿ 1933–35ರಲ್ಲಿ ಪ್ರಕಟಿಸಿದರು. ಇಂಗ್ಲಿಷ್ ಅನುವಾದವು 'ಬಾಳಿನ ದಾರಿ' ಎಂಬರ್ಥದ ಬೇರೆ ಹೆಸರಿನಿಂದ ನಮ್ಮ ಕಡೆಯ ಶಿಕ್ಷಕರ ಕೈಗೆ ಬಂದಿತ್ತು. ಅದರ ಆರಂಭದಲ್ಲಿಯೇ ಸಹನೆ ಮೀರಿದ ಶಿಕ್ಷಕನು ಜಾದೊರೋವ್ ಎಂಬ ತರುಣನನ್ನು ಹೊಡೆಯುವ ಪ್ರಸಂಗವಿದೆ. ಅದನ್ನು ಮುಚ್ಚಿಡದೆ ಬರೆದದ್ದು ಪುಸ್ತಕದ ಪ್ರಾಮಾಣಿಕತೆ.

ಆದರೆ ಶಿಕ್ಷಕವರ್ಗದವರ ನೆನಪಿನಲ್ಲಿ ಉಳಿಯುವುದು ಕರಬಾನೋವ್ ಎಂಬ ಹಳೆಯ ಕಳ್ಳನ ಪ್ರಸಂಗ. ಮಕಾರೆಂಕೋ ಅವನನ್ನು ಕರೆದು, ಪಟ್ಟಣಕ್ಕೆ ಹೋಗಿ ವಸತಿಯ ಐದುನೂರು ರೂಬಲ್ ತೆಗೆದುಕೊಂಡು ಬಾ ಎಂದು ಚೀಟಿ ಕೊಡುತ್ತಾರೆ. ಅವನು ತಂದುಕೊಡುತ್ತಾನೆ, ಎಣಿಸಿಕೊಳ್ಳಿ ಎನ್ನುತ್ತಾನೆ. ಇವರು ಎಣಿಸದೆ ಪೆಟ್ಟಿಗೆಗೆ ಹಾಕುತ್ತಾರೆ. ಕೆಲವು ದಿನಗಳ ಮೇಲೆ ಎರಡು ಸಾವಿರಕ್ಕೆ ಕಳಿಸುತ್ತಾರೆ. ಹಿಂದೆ ಇದೇ ತರುಣನನ್ನು ಸೆರೆಮನೆಯಿಂದ ಬಿಡಿಸಿಕೊಳ್ಳುವಾಗ, ತನಗಾಗಿ ರಸೀದಿಗೆ ಸಹಿ ಹಾಕುವುದನ್ನು ಅವನು ನೋಡಿ ಅವಮಾನಪಡಬಾರದೆಂದು ಅವನನ್ನು ಹೊರಗೆ ನಿಲ್ಲಿಸಿದ್ದರು.

ಎರಡು ಕೃತಿಗಳಲ್ಲಿಯೂ ಐದುನೂರರ ಅಂಕಿ ಬಂದಿರುವುದು ಆಕಸ್ಮಿಕ. ಆದರೂ ಹೋಲಿಕೆ ಬಿಡಲಾಗದು. ಕೃಷ್ಣನಿಗೆ ಐದುನೂರು ರೂಪಾಯಿ ಮನೆಯ ಬಾಗಿಲಿಗೆ ಹಾಕಿದ ಬೀಗ. ಕರಬಾನೋವನಿಗೆ ಐದುನೂರು ರೂಬಲ್ ತನ್ನನ್ನು ಮನುಷ್ಯನೆಂದು ಯಾರೋ ನಂಬಿದ ಗುರುತು. ಮನೋವೈದ್ಯದ ಪರಿಭಾಷೆ ಹುಟ್ಟುವ ಅರ್ಧ ಶತಮಾನ ಮೊದಲೇ, ಗಾಯಗೊಂಡವನಿಗೆ ಮೊದಲು ಬೇಕಾದುದು ಸುರಕ್ಷಿತವಾದ ನೆಲೆ ಮತ್ತು ಮಾನ ಎಂಬುದನ್ನು ಈ ಶಿಕ್ಷಕ ಕೆಲಸದಿಂದ ತಿಳಿದಿದ್ದರು.

ಆದರೆ ಅವರ ದಾರಿಯಲ್ಲಿಯೂ ಒಂದು ಹಂತ ಬಿಟ್ಟುಹೋಗಿದೆ. ಬಂದ ತರುಣರ ಹಿಂದಿನ ಅಪರಾಧದ ಕಡತಗಳನ್ನು ತಾವು ನೋಡುವುದನ್ನೇ ಬಿಟ್ಟೆವು, ವಸತಿಯಲ್ಲಿ ಗತಕಾಲದ ಮಾತೇ ಬೇಡ ಎಂಬುದು ಮಕಾರೆಂಕೋ ನಿಲುವು. ಹಳೆಯ ಪಾಪದ ಪಟ್ಟಿಯನ್ನು ಹರಿದೊಗೆಯುವುದರಲ್ಲಿ ದೊಡ್ಡ ಔದಾರ್ಯವಿದೆ. ನಮ್ಮ ಶಾಲೆ, ಪೋಲೀಸು ಠಾಣೆಗಳು ಅಷ್ಟನ್ನು ಕಲಿತರೂ ಎಷ್ಟೋ ಆಯಿತು. ಆದರೆ ಕಡತ ಮುಚ್ಚಿದರೆ ಕೆಟ್ಟ ಕನಸು ಮುಚ್ಚುವುದಿಲ್ಲ. ಮಾಡಿದ ತಪ್ಪನ್ನು ಮರೆಯುವುದು ಒಂದು. ಅನುಭವಿಸಿದ ನೋವನ್ನು ಮರೆ ಎನ್ನುವುದು ಇನ್ನೊಂದು. ಇದೇ ಕಾದಂಬರಿಯಲ್ಲಿ ಚೋಬೊತ್ ಎಂಬ ತರುಣ ಪ್ರೇಮದ ನಿರಾಶೆಯಿಂದ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಕೃತಿಯು ಆ ಸಾವನ್ನು ಬೇಗ ದಾಟಿ ಮುಂದಿನ ಕೆಲಸಕ್ಕೆ ಹೋಗಿಬಿಡುತ್ತದೆ. ಅವನು ಯಾರಿಗೂ ಹೇಳಿಕೊಳ್ಳದೆ ಉಳಿದದ್ದು ಏನು ಎಂದು ಕೇಳುವ ಒಂದು ಪುಟ ಅಲ್ಲಿ ಇರಬೇಕಾಗಿತ್ತು. ಅಷ್ಟು ದೊಡ್ಡ ಪುಸ್ತಕದಲ್ಲಿ ನನಗೆ ಕಂಡ ದೊಡ್ಡ ಮೌನ ಅದು.

ಯಾವ ಭಾಷೆಯಲ್ಲಿ ಹೇಳಿಕೊಳ್ಳಬೇಕು?

ಹೀಗೆ ಮೂರು ಕೃತಿಗಳನ್ನು ಒಟ್ಟಿಗೆ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮಕಾರೆಂಕೋ ನೆಲೆಯನ್ನೂ ಬಳಗವನ್ನೂ ಕೊಟ್ಟರು, ನಡುವಿನ ಹೇಳಿಕೊಳ್ಳುವಿಕೆಯನ್ನು ಬಿಟ್ಟರು. 'ಚಿನ್ನಾರಿ ಮುತ್ತ' ಬಳಗವನ್ನು ಕೊಟ್ಟಿತು. 'ಸಲಾಮ್ ಬಾಂಬೆ' ಏನನ್ನೂ ಕೊಡಲಿಲ್ಲ. ಆದರೆ ಯಾವುದು ಇಲ್ಲವೆಂಬುದನ್ನು ನಿಖರವಾಗಿ ತೋರಿಸಿತು. ಕೇಳುವ ಕಿವಿ ಇಲ್ಲ, ಕಾಗದಕ್ಕೆ ವಿಳಾಸವಿಲ್ಲ. ಈ ದೃಷ್ಟಿಯಿಂದ ಮೂರರಲ್ಲಿ ಸತ್ಯಕ್ಕೆ ಹೆಚ್ಚು ಹತ್ತಿರವಾದುದು 'ಸಲಾಮ್ ಬಾಂಬೆ' ಎಂಬುದು ನನ್ನ ಅಭಿಪ್ರಾಯ.

ಈ ಮಾತು ಗಡಿಯ ಕನ್ನಡಿಗರಾದ ನಮಗೆ ವಿಶೇಷವಾಗಿ ತಟ್ಟಬೇಕು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪಾಲನೆ ರಕ್ಷಣೆ ಬೇಕಾದ ಮಗು ಸಿಕ್ಕಿದರೆ, ಪ್ರಯಾಣದ ವೇಳೆಯನ್ನು ಬಿಟ್ಟು 24 ತಾಸಿನೊಳಗೆ ಅದನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಹಾರಾಷ್ಟ್ರದಲ್ಲಿ ಸಿಕ್ಕ ಮಗುವನ್ನು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ವಿಚಾರಿಸುತ್ತಾರೆ. ಅದರಲ್ಲಿ ಯಾರ ದೋಷವೂ ಇಲ್ಲ. ಆದರೆ ಕಲಬುರಗಿಯದೋ ವಿಜಯಪುರದದೋ ಹಳ್ಳಿಯ ಹುಡುಗನು ಊರಿನ ಹೆಸರನ್ನು ಪರಭಾಷೆಯಲ್ಲಿ ಹೇಳಿಯಾನು, ಹಸಿವೆಯಾಗಿದೆ ಎಂದಾನು. ಚಿಕ್ಕಪ್ಪ ಏನು ಮಾಡಿದ, ಯಾರು ಮೈಮುಟ್ಟಿದರು, ಯಾಕೆ ಮನೆಗೆ ಹೋಗುವುದು ಬೇಡ, ಇವು ಅವ್ವನ ನುಡಿಯಲ್ಲಿ ಮಾತ್ರ ಹೊರಬರುವ ಮಾತುಗಳು; ಅದರಲ್ಲಿಯೂ ತಡೆದು ತಡೆದು ಬರುತ್ತವೆ. ಸ್ವರಭಂಗವೆಂದು ಭರತನು ಹೇಳಿದ್ದು ಇದನ್ನೇ. ಆ ಮಾತು ಬಾರದಿದ್ದರೆ ಹುಡುಗನನ್ನು ಯಾವ ಹೊಡೆತದಿಂದ ಓಡಿಬಂದನೋ ಅದೇ ಹೊಡೆತದ ಮನೆಗೆ ಗಾಡಿ ಹತ್ತಿಸುವ ಅಪಾಯವಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕುರಿತಾದ 2012ರ ಕಾಯ್ದೆಯು ಮಗುವಿನ ಹೇಳಿಕೆ ಪಡೆಯುವಾಗ ದುಭಾಷಿಯ ಸಹಾಯಕ್ಕೆ ಅವಕಾಶ ಕೊಟ್ಟಿದೆ. ಆ ದುಭಾಷಿಯು ಎಲ್ಲಿಂದ ಬರಬೇಕು?

ನಮ್ಮಿಂದಲೇ ಬರಬೇಕು. ನಮ್ಮ ಸಂಘದಲ್ಲಿ ನಿವೃತ್ತ ಶಿಕ್ಷಕ ಶಿಕ್ಷಕಿಯರಿಗೆ ಕೊರತೆಯಿಲ್ಲ. ಎರಡು ಮೂರು ಭಾಷೆಗಳು ಸಮನಾಗಿ ಬರುವುದು ಗಡಿನಾಡಿನವರಿಗೆ ಹುಟ್ಟಿನಿಂದ ಬಂದ ಆಸ್ತಿ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಹತ್ತು ಜನರ ಹೆಸರುಗಳನ್ನು ಕೊಟ್ಟು, ಕನ್ನಡದ ಮಗು ಸಿಕ್ಕರೆ ಯಾವ ವೇಳೆಯಲ್ಲಾದರೂ ಕರೆಯಿರಿ ಎಂದು ಹೇಳಿಡುವುದಕ್ಕೆ ದೊಡ್ಡ ನಿಧಿ ಬೇಕಾಗಿಲ್ಲ. ಇದೇ ಹಳಿಯ ಮೇಲಿನ ರಾಯಚೂರಿನಲ್ಲಿ 1992ರಲ್ಲಿ ಆರಂಭವಾದ 'ಸಾಥಿ' ಸಂಸ್ಥೆಯು ಪ್ಲಾಟ್‌ಫಾರ್ಮಿನ ಮಕ್ಕಳಿಗಾಗಿ ದುಡಿಯುತ್ತ ಬಂದಿದೆ. ಒಂಟಿ ಮಗುವನ್ನು ಕಂಡವರು ಕರೆಯಬಹುದಾದ 1098 ಸಂಖ್ಯೆಯನ್ನು ನಮ್ಮ ಮನೆಯ ಮಕ್ಕಳಿಗೂ ಬಾಯಿಪಾಠ ಮಾಡಿಸಬೇಕು. ಗಾಯ ಮಾಯಿಸುವುದು ವೈದ್ಯರ ಕೆಲಸ, ನಾವು ವೈದ್ಯರಾಗಬೇಕಿಲ್ಲ. ಅವಸರ ಮಾಡದೆ, ಅಡ್ಡಬಾಯಿ ಹಾಕದೆ, ಉಪದೇಶ ಮಾಡದೆ ಕೇಳಿದರೆ ಸಾಕು.

ನಮ್ಮ ತರುಣ ಲೇಖಕರಿಗೂ ಒಂದು ಮಾತು ಹೇಳಿ ಮುಗಿಸುತ್ತೇನೆ. ಗಡಿಯ ಕನ್ನಡಿಗನ ಅಭಿಮಾನ, ಅಳಲುಗಳ ಬಗ್ಗೆ ನಾವು ಸಾಕಷ್ಟು ಬರೆದಿದ್ದೇವೆ. ಭಾಷೆ ಗೊತ್ತಿಲ್ಲದ ನಿಲ್ದಾಣದಲ್ಲಿ ಇಳಿದ ಕನ್ನಡದ ಮಗುವಿನ ಕಥೆಯನ್ನು ಬರೆಯಲು ನಮಗಿಂತ ಅರ್ಹರು ಬೇರೆ ಯಾರಿದ್ದಾರೆ? ಬರೆಯುವಾಗ ಆ ಮಗುವನ್ನು ಬೇಗ ಅಳಿಸಬೇಡಿರಿ, ಬೇಗ ಗೆಲ್ಲಿಸಲೂ ಬೇಡಿರಿ. ಅದು ಬಾಯಿ ತೆರೆಯುವವರೆಗೆ ಕಾಯಿರಿ. ಅದರ ಕಾಗದಕ್ಕೆ ಸಾಲಿನ ಲೆಕ್ಕ ಹಾಕದಿರಿ.